ನಾಳೆಯ ಮಾತಿಗೆ ಹೊಣೆ ಯಾರು: ಕಟ್ಟುಭಾಷೆಯಲ್ಲಿ ಸಂಕಲ್ಪವನ್ನೂ ಭವಿಷ್ಯವನ್ನೂ ಹೇಳುವ ಬಗೆ

ಬಳ್ಳಾರಿಯ ಕೌಲ್ ಬಜಾರಿನ ಬಳಿಯ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಹೊಲಿದ ಬಟ್ಟೆಯ ಬಂಡಲುಗಳು ಇಲ್ಲಿಂದ ಮನೆಮನೆಗೆ ಹೋಗುತ್ತವೆ. ಕಾಜ, ಗುಂಡಿ, ಹೆಚ್ಚಾದ ದಾರ ಕತ್ತರಿಸುವ ಕೆಲಸ ಮುಗಿಸಿಕೊಂಡು ಮರಳುತ್ತವೆ. ಯಾರ ಮನೆಗೆ ಎಷ್ಟು ಪೀಸು ಹೋಯಿತು, ಯಾವಾಗ ವಾಪಸು ಬರುತ್ತದೆ ಎಂಬುದನ್ನು ಬರೆಯುವುದು ನನ್ನ ಕೆಲಸ. ಮೊದಲನೆಯದು ಎಣಿಕೆ, ತಪ್ಪಲಾರದು. ಎರಡನೆಯದು ಬರೀ ಬಾಯಿಮಾತು.

‘ಯಾವಾಗ’ ಎಂಬ ಅಂಕಣದಲ್ಲಿ ಹಲವು ತಿಂಗಳು ಎಲ್ಲರ ಹೆಸರಿನ ಮುಂದೆಯೂ ‘ನಾಳೆ’ ಎಂದೇ ಬರೆದೆ. ಒಂದು ಸಂಜೆ ಲಾರಿ ಬಾಗಿಲಲ್ಲಿ ನಿಂತಿತ್ತು. ಆರು ನೂರು ಪೀಸು ಬರಬೇಕಾದಲ್ಲಿ ಇನ್ನೂರು ಬಂದಿತ್ತು. ಮಾಲೀಕರು ನನ್ನ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ, “ಇದರಲ್ಲಿ ನಾಳೆ ಅಂತ ಬರೆದವನು ನೀನೇ ತಾನೆ?” ಎಂದರು. ರಾತ್ರಿ ಮಲಗಿ ನೆನಪು ಮಾಡಿಕೊಂಡೆ. ಎಲ್ಲರೂ ‘ನಾಳೆ’ ಎಂದದ್ದು ನಿಜ, ಆದರೆ ಎಲ್ಲರೂ ಒಂದೇ ರೀತಿ ಅಂದಿರಲಿಲ್ಲ. ಒಬ್ಬ ಅಕ್ಕ ‘ನಾಳೆ ಕೊಡುತ್ತೇನೆ ಅಣ್ಣ’ ಎಂದಿದ್ದರು. ಇನ್ನೊಬ್ಬರು ‘ನಾಳೆ ಕೊಡಬೇಕೆಂದಿದ್ದೇನೆ’. ಮತ್ತೊಬ್ಬರು ‘ನಾಳೆಗೆ ಆದೀತು’. ನಾಲ್ಕನೆಯವರು ‘ನಾಳೆ ನೋಡೋಣ’. ಬಂದಿದ್ದ ಇನ್ನೂರು ಪೀಸು ಮೊದಲನೆಯವರದು.

ಮರುದಿನದಿಂದ ‘ನಾಳೆ’ಯ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕತೊಡಗಿದೆ. ಕೊಟ್ಟ ಮಾತಿಗೆ ತುಂಬಿದ ಚುಕ್ಕೆ, ಇರಾದೆಗೆ ಬರೀ ಸುತ್ತು, ಊಹೆಗೆ ಅಲೆಯ ಗೆರೆ. ‘ನೋಡೋಣ’ಕ್ಕೆ ಕಾಟು. ಸಿರುಗುಪ್ಪದಲ್ಲಿರುವ ಅಕ್ಕನ ಮಗಳೂ ನಾನೂ ಸೇರಿ ಬಿಡುವಿನಲ್ಲಿ ಒಂದು ಕಟ್ಟುಭಾಷೆಯನ್ನು, ಅಂದರೆ ಪದ, ವ್ಯಾಕರಣ ಎಲ್ಲವನ್ನೂ ನಾವೇ ಹೊಸದಾಗಿ ಮಾಡಿಕೊಂಡ ಭಾಷೆಯನ್ನು, ಕಟ್ಟುತ್ತಿದ್ದೆವು, ‘ತಿಕನು’ ಎಂದು ಅದರ ಹೆಸರು. ಅದರ ವ್ಯಾಕರಣ ಎಲ್ಲಿ ಸಿಕ್ಕಿಕೊಂಡು ನಿಂತಿತ್ತೋ ಅಲ್ಲಿಂದ ಅದನ್ನು ಎಬ್ಬಿಸಿದ್ದು ಈ ಪೆನ್ಸಿಲ್ ಗುರುತುಗಳು. ಭಾಷಾಶಾಸ್ತ್ರ ಓದಿದವನಲ್ಲ ನಾನು, ಬಿ.ಕಾಂ. ಮಾಡಿದವನು. ಆದರೂ ಈ ಒಂದು ಮೂಲೆಯಲ್ಲಿ ಬೇಕಾದಷ್ಟು ಎಡವಿದ್ದೇನೆ; ಆ ಲೆಕ್ಕವನ್ನು ಒಪ್ಪಿಸುತ್ತೇನೆ.

ಹೊಸದಾಗಿ ಭಾಷೆ ಕಟ್ಟುವವರು ಮಾಡುವ ಮೊದಲ ಕೆಲಸ ಕಾಲಗಳ ಕೋಷ್ಟಕ: ಭೂತ, ವರ್ತಮಾನ, ಭವಿಷ್ಯತ್. ಮೂರು ಪ್ರತ್ಯಯ, ಮೂರು ಮನೆ. ನಾನೂ ಹಾಗೆಯೇ ಮಾಡಿದೆ, ಭೂತಕ್ಕೆ ‘ತು’, ಭವಿಷ್ಯಕ್ಕೆ ‘ನೊ’. ಭೂತಕಾಲದ ಮನೆ ತೊಂದರೆ ಕೊಡುವುದಿಲ್ಲ, ಆದದ್ದು ಆಗಿದೆ. ಭವಿಷ್ಯದ ಮನೆಯಲ್ಲಿ ಮಾತ್ರ ಆಸೆ, ಅಂದಾಜು, ಆಣೆ, ವೇಳಾಪಟ್ಟಿ ಎಲ್ಲವೂ ಒಂದೇ ಚಾಪೆಯ ಮೇಲೆ ಮಲಗಿರುತ್ತವೆ. ನನ್ನ ಸಲಹೆ ಇಷ್ಟೇ: ಭವಿಷ್ಯದ ಪ್ರತ್ಯಯವನ್ನು ಕೊನೆಗೆ ಮಾಡಿ, ಸಾಧ್ಯವಾದರೆ ಮಾಡಲೇಬೇಡಿ.

ಬದಲಿಗೆ ಒಂದು ವಾರ ಕಿವಿ ತೆರೆದುಕೊಂಡು ಓಡಾಡಿ. ಒಂದೇ ಒಂದು ಕ್ರಿಯಾಪದ ಆರಿಸಿಕೊಳ್ಳಿ, ಇನ್ನೂ ಆಗದ ಸಂಗತಿಗೆ ಜನ ಅದನ್ನು ಎಷ್ಟು ರೂಪದಲ್ಲಿ ಬಳಸುತ್ತಾರೆಂದು ಬರೆದಿಟ್ಟುಕೊಳ್ಳಿ. ನಾನು ‘ಕೊಡು’ ಹಿಡಿದೆ. ಕೊಡುತ್ತೇನೆ, ಕೊಡುವೆನು, ಕೊಡಲಿದ್ದೇನೆ, ಕೊಡುವವನಿದ್ದೇನೆ, ಕೊಡಬೇಕೆಂದಿದ್ದೇನೆ, ಕೊಡೋಣವೆಂದಿದ್ದೇನೆ, ಕೊಟ್ಟೇನು, ಕೊಡಲೇ, ಕೊಡೋಣ, ಕೊಡಲಿ, ಕೊಡೆ. ಕೂಗಿ ಕರೆದಾಗ ಒಳಗಿನಿಂದ ಬರುವ ‘ಬಂದೆ, ಬಂದೆ’ಯನ್ನೂ ಸೇರಿಸಿಕೊಳ್ಳಿ. ಇನ್ನೂ ಚಪ್ಪಲಿ ಮೆಟ್ಟಿರುವುದಿಲ್ಲ, ಮಾತು ಆಗಲೇ ಭೂತಕಾಲಕ್ಕೆ ಹೋಗಿರುತ್ತದೆ. ನಮ್ಮ ಘಟಕದಲ್ಲಿ ಕನ್ನಡದ ಜೊತೆಗೆ ತೆಲುಗು, ಉರ್ದು ಎರಡೂ ನಡೆಯುತ್ತವೆ. ತೆಲುಗಿನ ‘ಇಸ್ತಾನು’ ದಿನವೂ ಕೊಡುವುದಕ್ಕೂ ನಾಳೆ ಕೊಡುವುದಕ್ಕೂ ಸಲ್ಲುತ್ತದೆ, ನಮ್ಮ ‘ಕೊಡುತ್ತೇನೆ’ಯಂತೆ. ಉರ್ದುವಿನಲ್ಲಿ ‘ದೂಂಗಾ’ ಬೇರೆ, ‘ದೇನೇವಾಲಾ ಹೂಂ’ ಬೇರೆ.

ಶಾಲೆಯಲ್ಲಿ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಎಂದು ಮೂರು ಹೆಸರು ಬಾಯಿಪಾಠ ಮಾಡಿರುತ್ತೇವೆ. ಕೊಡಲಿ, ಕೊಡನು, ಕೊಟ್ಟಾನು. ಅಲ್ಲಿಗೆ ಪರೀಕ್ಷೆ ಮುಗಿಯಿತು. ಭಾಷೆ ಕಟ್ಟುವವರು ಈ ಮೂರನ್ನು ಮತ್ತೆ ತಿರುವಿ ನೋಡಬೇಕು. ‘ಕೊಟ್ಟಾನು’ ಮುಂದಿನ ಊಹೆ, ಆದರೆ ಅದನ್ನು ಕಟ್ಟಿರುವುದು ‘ಕೊಟ್ಟ’ ಎಂಬ ಭೂತಕಾಲದ ಬುಡದ ಮೇಲೆ. ಇನ್ನು ‘ಕೊಡನು’ವಿಗೆ ಕಾಲವೇ ಇಲ್ಲ, ನಿನ್ನೆ ಕೊಡದವನೂ ಅವನೇ, ನಾಳೆ ಕೊಡದವನೂ ಅವನೇ. ಭವಿಷ್ಯವನ್ನು ಹೇಳಲು ಭವಿಷ್ಯದ ಪ್ರತ್ಯಯವೇ ಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಕಿಲ್ಲ.

ಪಟ್ಟಿ ಸಿದ್ಧವಾದ ಮೇಲೆ ವಿಂಗಡಿಸಬೇಕು. ‘ಹತ್ತಿರದ ಭವಿಷ್ಯ, ದೂರದ ಭವಿಷ್ಯ’ ಎಂದು ದಿನದ ಲೆಕ್ಕದಲ್ಲಿ ವಿಂಗಡಿಸಲು ಕೈ ತುರಿಸುತ್ತದೆ. ಅದು ಬೇಡ. ಪ್ರತಿಯೊಂದು ವಾಕ್ಯಕ್ಕೂ ಒಂದೇ ಪ್ರಶ್ನೆ ಹಾಕಿ: ಹೇಳಿದ್ದು ಆಗದಿದ್ದರೆ ಯಾರನ್ನು ಹಿಡಿದು ಕೇಳಬೇಕು?

‘ಕೊಡಬೇಕೆಂದಿದ್ದೇನೆ’ ಎಂದವರು ಕೊಡದಿದ್ದರೆ ನಾನು ಜಗಳಕ್ಕೆ ಹೋಗಲಾಗದು, ಅವರ ಮನಸ್ಸಿಗೆ ಅವರೇ ಹೊಣೆ. ಇದು ಸಂಕಲ್ಪ. ‘ಕೊಡುತ್ತೇನೆ ಅಣ್ಣ’ ಎಂದವರನ್ನು ಕೇಳುವ ಹಕ್ಕು ನನಗಿದೆ, ಇದು ಕೊಟ್ಟ ಮಾತು. ‘ರೈಲು ರಾತ್ರಿ ಬರಲಿದೆ’ ಎಂದವರನ್ನು ಕೇಳಿ ಪ್ರಯೋಜನವಿಲ್ಲ, ಅವರು ಬೇರೆ ಯಾರದೋ ಪಟ್ಟಿ ಓದಿದ್ದಾರೆ; ಇದು ನಿಗದಿ. ‘ಮಳೆ ಬಂದೀತು’ ಎಂದವರು ಮೋಡ ನೋಡಿ ಹೇಳಿದರು, ತಪ್ಪಿದರೆ ನಗಬಹುದು ಅಷ್ಟೆ, ಇದು ಊಹೆ. ‘ಮಳೆ ಬರಲಿ’ ಎಂಬುದು ಹಾರೈಕೆ, ಅದನ್ನು ಕೇಳಿಸಿಕೊಳ್ಳುವವರು ಈ ಕೋಣೆಯಲ್ಲೇ ಇಲ್ಲ.

ಅಕ್ಕನ ಮನೆಯವರದು ಕಾಲುವೆಯ ಕೊನೆ ಭಾಗದ ಭತ್ತದ ಗದ್ದೆ. ಈ ವಿಂಗಡಣೆಯನ್ನು ನಾನು ದೊಡ್ಡ ಶೋಧ ಎಂಬಂತೆ ಸೊಸೆಗೆ ಹೇಳಿದಾಗ ಅವಳು ನಕ್ಕಳು. “ಮಾವ, ನಮ್ಮ ಮನೆಯಲ್ಲಿ ಇದು ದಿನಾ ನಡೆಯುತ್ತದೆ. ಪೇಪರ್ ಓದಿ ಅಪ್ಪ ‘ನೀರು ಬಿಡಲಿದ್ದಾರೆ’ ಎನ್ನುತ್ತಾರೆ. ತಾತ ‘ಬಂದೀತು’ ಎನ್ನುತ್ತಾರೆ. ಅವ್ವ ‘ಬರಲಿ’ ಎನ್ನುತ್ತಾಳೆ. ‘ಬರುತ್ತದೆ’ ಎಂದು ಮಾತ್ರ ಯಾರೂ ಹೇಳುವುದಿಲ್ಲ.” ನನ್ನ ಹದಿನೈದು ದಿನದ ಕೆಲಸವನ್ನು ಆ ಹುಡುಗಿ ನಾಲ್ಕು ವಾಕ್ಯದಲ್ಲಿ ಮುಗಿಸಿದಳು.

ಹೀಗೆ ವಿಂಗಡಿಸಿ ಹಾಕಲು ಐದು ಬುಟ್ಟಿಗಳು ಸಿಕ್ಕ ಮೇಲೆ, ಬೇರೆಯವರು ಇದೇ ಸಾಮಾನನ್ನು ಹೇಗೆ ಜೋಡಿಸಿದ್ದಾರೆಂದು ನೋಡುವುದು ಒಳ್ಳೆಯದು. ಮೊದಲೇ ನೋಡಿದರೆ ನಕಲು ಮಾಡುತ್ತೀರಿ.

ಜರ್ಮನಿಯ ಪಾದ್ರಿ ಶ್ಲೇಯರ್ 1879–80ರಲ್ಲಿ ಕಟ್ಟಿದ ವೊಲಾಪ್ಯೂಕ್‌ನಲ್ಲಿ ಕ್ರಿಯಾಪದದ ಮುಂದೆ ‘ಒ’ ಸೇರಿಸಿದರೆ ಭವಿಷ್ಯ. ಆಜ್ಞೆ, ವಿನಯದ ಕೋರಿಕೆ, ಕಟ್ಟಪ್ಪಣೆ ಮೂರಕ್ಕೂ ಬೇರೆ ಬೇರೆ ಪ್ರತ್ಯಯಗಳಿವೆ. ಅಪ್ಪಣೆಯನ್ನು ಇಷ್ಟು ನುಣ್ಣಗೆ ಸೀಳಿದವರು ಸಂಕಲ್ಪವನ್ನು ಹಾಗೆಯೇ ಬಿಟ್ಟದ್ದು ನನಗೆ ಸೋಜಿಗ. ಜಾಮೆನ್‌ಹೋಫ್ 1887ರಲ್ಲಿ ಪ್ರಕಟಿಸಿದ ಎಸ್ಪೆರಾಂಟೊ ಇದಕ್ಕಿಂತ ಹದವಾಗಿದೆ. ‘ಮಿ ದೊನೊಸ್’ ಎಂದರೆ ಕೊಡುತ್ತೇನೆ. ‘ಮಿ ದೊನುಸ್’ ಎಂದರೆ (ಹೀಗಿದ್ದಿದ್ದರೆ) ಕೊಡುತ್ತಿದ್ದೆ. ‘ಚು ಮಿ ದೊನು?’ ಎಂದರೆ ನಮ್ಮ ‘ಕೊಡಲೇ?’. ಕೊನೆಯ ಆ ‘ಉ’ ಒಂದೇ ಆಜ್ಞೆಯಾಗಿ, ಹಾರೈಕೆಯಾಗಿ, ಅನುಮತಿ ಕೇಳುವುದಾಗಿ ದುಡಿಯುತ್ತದೆ. ‘ನೀವು ಕೊಡಬೇಕೆಂದು ನನಗಿಷ್ಟ’ ಎಂಬಂಥ ಕಡೆಯೂ ಒಳವಾಕ್ಯದಲ್ಲಿ ಅದೇ ಬರುತ್ತದೆ. ಇನ್ನೇನು ಕೊಡುವುದರಲ್ಲಿದ್ದೇನೆ ಎನ್ನಲು ‘ಮಿ ಎಸ್ತಾಸ್ ದೊನೊಂತಾ’. ಇಷ್ಟಿದ್ದೂ ‘ದೊನೊಸ್’ ಎಂಬುದು ಮಾತೋ ಅಂದಾಜೋ ಎಂದು ಕೇಳಿದರೆ ಎಸ್ಪೆರಾಂಟೊ ಸುಮ್ಮನಾಗುತ್ತದೆ. ನನ್ನ ಲಾರಿ ಅಲ್ಲಿಯೂ ಬಾಗಿಲಲ್ಲೇ ನಿಲ್ಲುತ್ತಿತ್ತು.

ಸಂಕಲ್ಪವನ್ನು ನೇರವಾಗಿ ಕ್ರಿಯಾಪದದೊಳಗೆ ಕೂರಿಸಿದ್ದು ನಾವಿ ಭಾಷೆ. 2009ರ ಒಂದು ಚಲನಚಿತ್ರಕ್ಕಾಗಿ ಪಾಲ್ ಫ್ರೊಮರ್ ಕಟ್ಟಿದ್ದು. ‘ತರೊನ್’ ಎಂದರೆ ಬೇಟೆಯಾಡು. ನಡುವೆ ‘ಅಯ್’ ತುರುಕಿದರೆ ‘ತಯರೊನ್’, ಮುಂದೆ ಬೇಟೆಯಾಡುವುದು. ‘ಅಸ್ಯ್’ ತುರುಕಿದರೆ ‘ತಸ್ಯರೊನ್’, ಬೇಟೆಯಾಡಿಯೇ ತೀರುವ ಇರಾದೆ. ಹತ್ತಿರದ ಭವಿಷ್ಯಕ್ಕೂ ಇದೇ ರೀತಿ ಒಂದು ಜೋಡಿ ಇದೆ.

‘ಸ್ಟಾರ್ ಟ್ರೆಕ್’ ಚಿತ್ರಗಳ ಯೋಧಜನರ ಭಾಷೆ ಕ್ಲಿಂಗನ್‌ನಲ್ಲಿ ಕಾಲವೇ ಇಲ್ಲ. ನಾಳೆ ಎನ್ನಬೇಕಾದರೆ ‘ನಾಳೆ’ ಎಂಬ ಪದವನ್ನೇ ಹಾಕಬೇಕು. ಆದರೆ ಅದನ್ನು ಕಟ್ಟಿದ ಮಾರ್ಕ್ ಒಕ್ರಾಂಡ್ ಅದರಲ್ಲಿ ಮನಸ್ಸಿನ ಸ್ಥಿತಿಗೆ ಒಂದು ಸಾಲು ಪ್ರತ್ಯಯ ಇಟ್ಟಿದ್ದಾರೆ: ಮಾಡಲೇಬೇಕಾಗಿದೆ, ಮಾಡಲು ಮನಸ್ಸಿದೆ, ಮಾಡಲು ಸಿದ್ಧ, ಮಾಡಲು ಅಂಜಿಕೆ. ಸಿದ್ಧತೆಯಲ್ಲಿ ಮತ್ತೆ ಎರಡು, ಜೀವಿಗಳು ಸಿದ್ಧವಾಗಿರುವುದು ‘ರುಪ್’, ಯಂತ್ರ ಸಿದ್ಧವಾಗಿರುವುದು ‘ಬೆಖ್’. ಅಂಜಿಕೆಯ ಪ್ರತ್ಯಯವನ್ನು ‘ನಾನು’, ‘ನಾವು’ ಜೊತೆ ಬಳಸಲು ವ್ಯಾಕರಣದ ಅಡ್ಡಿಯಿಲ್ಲ, ಮರ್ಯಾದೆಯ ಅಡ್ಡಿಯಿದೆ. ಆ ಜನ ‘ನನಗೆ ಅಂಜಿಕೆ’ ಎನ್ನುವುದಿಲ್ಲ. ಇದನ್ನು ಓದಿದಾಗ ಕುರ್ಚಿಯಿಂದ ಎದ್ದು ನಿಂತೆ. ಕೋಷ್ಟಕದ ಎಲ್ಲ ಮನೆಯನ್ನೂ ತುಂಬಬೇಕಾಗಿಲ್ಲ, ಒಂದು ಮನೆ ಖಾಲಿ ಇದ್ದರೆ ಆ ಜನ ಎಂಥವರೆಂದು ತಿಳಿಯುತ್ತದೆ.

1987ರಲ್ಲಿ ಶುರುವಾದ ಲೋಜ್‌ಬಾನ್‌ನಲ್ಲಿ ಕಾಲ ಬೇರೆ, ಮನಸ್ಸು ಬೇರೆ. ‘ಮಿ ಬಾ ಡುಂಡಾ’ ಎಂದರೆ ಕೊಡುವುದು ಮುಂದೆ ನಡೆಯುತ್ತದೆ ಎಂಬ ಹೇಳಿಕೆ. ‘ಅಯ್ ಮಿ ಡುಂಡಾ’ ಎಂದರೆ ಕೊಡುವ ಇರಾದೆ. ‘ಅಯ್’ ಪಕ್ಕದಲ್ಲಿ ‘ಶುಹಿ’ ಇಟ್ಟರೆ ಇನ್ನೂ ತೀರ್ಮಾನವಿಲ್ಲ, ‘ನಯ್’ ಇಟ್ಟರೆ ನಿರಾಕರಣೆ. ಸುಝೆಟ್ ಹೇಡನ್ ಎಲ್ಜಿನ್ 1982ರಲ್ಲಿ ಕಟ್ಟಿದ ಲಾದನ್ ಭಾಷೆಯಂತೂ ನನ್ನ ಪುಸ್ತಕದ ತುಂಬಿದ ಚುಕ್ಕೆಯನ್ನೇ ವಾಕ್ಯದ ಬಾಗಿಲಲ್ಲಿ ಇಟ್ಟುಕೊಂಡಿದೆ: ಪ್ರತಿ ಮಾತಿನ ಆರಂಭದಲ್ಲಿ ಇದು ಹೇಳಿಕೆಯೋ ಪ್ರಶ್ನೆಯೋ ವಿನಂತಿಯೋ ಎಂದು ತಿಳಿಸುವ ಪದ ಬರುತ್ತದೆ, ಮಾತು ಕೊಡುವಾಗ ‘ಬೆ’, ಎಚ್ಚರಿಸುವಾಗ ‘ಬೆಎ’. ಸೋನ್ಯಾ ಲ್ಯಾಂಗ್ 2001ರಲ್ಲಿ ಹೊರತಂದ ಟೋಕಿ ಪೋನಾಗೆ ಈ ಗೊಡವೆಯೇ ಇಲ್ಲ. ‘ಮಿ ವಿಲೆ ಪಾನಾ’, ಕೊಡಲು ಬಯಸುತ್ತೇನೆ, ಅಷ್ಟೆ. ಸಣ್ಣ ಭಾಷೆ ಬೇಕಿದ್ದರೆ ಅದೇ ದಾರಿ ಹಿಡಿಯಿರಿ, ಪ್ರತ್ಯಯದ ಬದಲು ಪೂರ್ಣ ಕ್ರಿಯಾಪದ.

ನೀವು ಪ್ರತ್ಯಯವೇ ಬೇಕೆಂದರೆ ಅದನ್ನು ಗಾಳಿಯಿಂದ ತರಬೇಡಿ, ಸವೆದ ಕ್ರಿಯಾಪದದಿಂದ ಮಾಡಿ. ನಿಜವಾದ ಭಾಷೆಗಳಲ್ಲಿ ಹೀಗೆಯೇ ಆಗಿದೆ. ಇಂಗ್ಲಿಷಿನ ‘ವಿಲ್’ ಮೊದಲು ಬಯಸು ಎಂಬ ಪದವಾಗಿತ್ತು. ಸ್ವಾಹಿಲಿಯ ಭವಿಷ್ಯದ ‘ತಾ’ ಬಂದದ್ದು ಬಯಸು ಎಂಬ ‘ತಾಕಾ’ದಿಂದ. ಫ್ರೆಂಚ್ ಭವಿಷ್ಯದ ಬಾಲದಲ್ಲಿ ಲ್ಯಾಟಿನ್‌ನ ‘ಹೊಂದಿರು’ ಅಡಗಿದೆ. ನಮ್ಮ ‘ಕೊಡಲಿದ್ದೇನೆ’ಯೊಳಗೆ ‘ಇರು’ ಇನ್ನೂ ಸವೆಯದೆ ಕಣ್ಣಿಗೆ ಕಾಣುವಂತೆ ಕೂತಿದೆ. ತಿಕನುವಿನಲ್ಲಿ ‘ಕೆಸ’ ಎಂದರೆ ಗಂಟು ಹಾಕು; ಮನಸ್ಸಿನಲ್ಲಿ ಗಂಟು ಹಾಕಿಕೊಂಡದ್ದು ಸಂಕಲ್ಪ, ಆದ್ದರಿಂದ ‘ಕೆ’. ‘ದೊರು’ ಎಂದರೆ ಹೊರು. ಹೊತ್ತುಕೊಂಡ ಮಾತು ‘ದೊ’. ‘ಲಿಪ’ ಎಂದರೆ ಬರೆ. ಪಟ್ಟಿಯಲ್ಲಿ ಬರೆದದ್ದು ‘ಲಿ’. ‘ವೂನ’ ಕಾಣು, ಊಹೆ ‘ವೂ’. ‘ಸಾಯಿ’ ಎಂದರೆ ಕೈ ಚಾಚು, ಹಾರೈಕೆ ‘ಸಾ’. (ಈ ಕೊನೆಯ ಪದ ಕನ್ನಡದವರ ಕಿವಿಗೆ ಅಶುಭ ಎಂದು ಸೊಸೆ ಎಚ್ಚರಿಸಿದಾಗ ತಡವಾಗಿತ್ತು. ನಿಮ್ಮ ಪದಗಳನ್ನು ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿ.) ಮೊದಲು ಕ್ರಿಯೆಯ ಬುಡ, ಆಮೇಲೆ ಈ ಅಕ್ಷರ, ಕೊನೆಗೆ ನಾನು ‘ಮ’, ನೀನು ‘ಶ’, ಅವನು–ಅವಳು–ಅದು ‘ರ’. ‘ಬೆಸ’ ಎಂದರೆ ಕೊಡು. ಆದ್ದರಿಂದ ‘ಬೆಸಕೆಮ’, ಕೊಡಬೇಕೆಂದಿದ್ದೇನೆ. ‘ಬೆಸದೊಮ’, ಕೊಡುತ್ತೇನೆ, ಇದು ಮಾತು.

ಒಂದು ಕಾಲಕ್ಕೆ ಮಾತಿನ ಪ್ರತ್ಯಯ ‘ಗೆ’ ಆಗಿತ್ತು. ಇಪ್ಪತ್ತು ಹೊಲಿಗೆ ಯಂತ್ರ ಓಡುತ್ತಿರುವಾಗ ‘ಬೆಸಕೆಮ’ಕ್ಕೂ ‘ಬೆಸಗೆಮ’ಕ್ಕೂ ಏನು ವ್ಯತ್ಯಾಸ ಕೇಳೀತು? ಇರಾದೆಯೂ ಮಾತೂ ಬದುಕಿನಲ್ಲಿ ಮೊದಲೇ ಒಂದಕ್ಕೊಂದು ಹತ್ತಿರ. ಅವನ್ನು ಸದ್ದಿನಲ್ಲಾದರೂ ದೂರ ಇಡಿ, ಸ್ವರವನ್ನೂ ಬದಲಿಸಿ.

ಈಗ ಪುರುಷಗಳು. ‘ನಾನು’ವಿಗೆ ಎಲ್ಲವೂ ಹೊಂದುತ್ತವೆ. ಮೂರನೆಯವರಿಗೆ ‘ದೊ’ ಹಚ್ಚಿದಾಗ ಏನಾಗುತ್ತದೆ? ‘ಬೆಸದೊರ’, ‘ಅವಳು ಕೊಡುತ್ತಾಳೆ, ಇದು ಮಾತು’. ಯಾರ ಮಾತು? ಇಲ್ಲಿ ಎರಡು ವಾರ ನಿಂತೆ. ಒಂದು ಬೆಳಿಗ್ಗೆ ಕಟಿಂಗ್ ಮಾಸ್ಟರ್ ಹೊಸಬಳೊಬ್ಬಳಿಗೆ ಬಂಡಲು ಕೊಡಿಸುತ್ತ, “ಬರೆದುಕೊಳ್ಳಿ, ಶುಕ್ರವಾರ ಕೊಡುತ್ತಾಳೆ, ನಾನಿದ್ದೇನೆ” ಎಂದರು. ಸರಿಹೋಯಿತು. ಮೂರನೆಯವರ ಮೇಲಿನ ‘ದೊ’ ಜಾಮೀನು. ಹೊಣೆ ಕೊಡುವವಳದಲ್ಲ, ಹೇಳುವವರದು. ಎರಡನೆಯ ಪುರುಷದಲ್ಲಿ ‘ಬೆಸದೊಶ’ ಎಂದರೆ ‘ನೀನು ಕೊಡುತ್ತೀಯ, ನಾನು ಹೇಳುತ್ತಿದ್ದೇನೆ’. ಮಾಲೀಕರ ದನಿ ಅದು, ಅದಕ್ಕೆ ಬೇರೆ ಆಜ್ಞಾರೂಪ ಬೇಕಾಗಲಿಲ್ಲ. ಮೂರನೆಯವರ ಸಂಕಲ್ಪವನ್ನು, ಅಂದರೆ ‘ಬೆಸಕೆರ’ವನ್ನು, ನಾನು ನಿಷೇಧಿಸಿದೆ. ಇನ್ನೊಬ್ಬರ ಮನಸ್ಸಿನ ಗಂಟು ನಮಗೆ ಕಾಣುವುದಿಲ್ಲ, ಅಲ್ಲಿ ಊಹೆಯ ‘ವೂ’ವನ್ನೇ ಬಳಸಬೇಕು. ಕ್ಲಿಂಗನ್‌ನ ಖಾಲಿ ಮನೆಯಿಂದ ಕಲಿತದ್ದು.

ನಿಷೇಧ ಸುಲಭವೆಂದು ತೋರುತ್ತದೆ, ಅಲ್ಲ. ‘ಕೊಡಬೇಕೆಂದಿಲ್ಲ’ ಮತ್ತು ‘ಕೊಡಬಾರದೆಂದಿದ್ದೇನೆ’ ಎರಡರ ನಡುವೆ ಒಂದು ಸಂಬಂಧವೇ ಮುರಿಯುವಷ್ಟು ಅಂತರವಿದೆ. ಮೊದಲನೆಯವರಿಗೆ ಮನಸ್ಸಿನಲ್ಲಿ ಏನೂ ಇಲ್ಲ, ಎರಡನೆಯವರು ತೀರ್ಮಾನಿಸಿ ಕೂತಿದ್ದಾರೆ. ನಿಮ್ಮ ನಿಷೇಧದ ಅಕ್ಷರಕ್ಕೆ ಎರಡು ಜಾಗ ಇಡಿ. ತಿಕನುವಿನಲ್ಲಿ ಅದು ‘ನಿ’. ಬುಡಕ್ಕೆ ಅಂಟಿದರೆ ‘ಬೆಸನಿಕೆಮ’, ಕೊಡಬಾರದೆಂಬ ಸಂಕಲ್ಪ. ಸಂಕಲ್ಪದ ಆಚೆ ಬಂದರೆ ‘ಬೆಸಕೆನಿಮ’, ಸಂಕಲ್ಪವೇ ಇಲ್ಲ. ‘ದೊ’ದಲ್ಲಿಯೂ ಹೀಗೆಯೇ: ಕೊಡುವುದಿಲ್ಲವೆಂದು ಮಾತು ಕೊಡುವುದು ಬೇರೆ, ಮಾತೇ ಕೊಡದಿರುವುದು ಬೇರೆ. ನಮ್ಮಲ್ಲಿ ಬಹಳ ಜನ ಎರಡನೆಯದರಲ್ಲಿ ಜೀವನ ಸಾಗಿಸುತ್ತಾರೆ.

ಇನ್ನು ಹೊಸಬರು ಮರೆಯುವ ಜಾಗ, ಕಳೆದುಹೋದ ಸಂಕಲ್ಪ. ‘ಕೊಡಬೇಕೆಂದಿದ್ದೆ ಅಣ್ಣ.’ ನನ್ನ ಮೇಜಿನ ಎದುರು ಇದಕ್ಕಿಂತ ಹೆಚ್ಚು ಸಲ ಕೇಳಿಬರುವ ವಾಕ್ಯವಿಲ್ಲ. ಕೊಟ್ಟಿಲ್ಲ ಎಂದು ಎಲ್ಲಿಯೂ ಹೇಳಿಲ್ಲ, ಆದರೂ ಕೊಟ್ಟಿಲ್ಲವೆಂದು ಎಲ್ಲರಿಗೂ ತಿಳಿಯಿತು. ನಿಮ್ಮ ಭಾಷೆಯಲ್ಲಿ ಭೂತದ ಪ್ರತ್ಯಯವನ್ನು ಸಂಕಲ್ಪದ ಮೇಲೆ ಹೇರಿದಾಗ (ನನ್ನಲ್ಲಿ ‘ಬೆಸಕೆತುಮ’) ಸೋಲು ತಾನಾಗಿಯೇ ಸೂಚಿತವಾಗುತ್ತದೆಯೋ, ಪ್ರತ್ಯೇಕವಾಗಿ ಹೇಳಬೇಕೋ ಎಂದು ಈಗಲೇ ತೀರ್ಮಾನಿಸಿ. ಹಾಗೆಯೇ ಸಂಕಲ್ಪ ಕೈಗೂಡಿದ್ದಕ್ಕೂ ದಾರಿ ಇರಲಿ. ಕ್ಲಿಂಗನ್‌ನಲ್ಲಿ ಸುಮ್ಮನೆ ಮುಗಿದದ್ದಕ್ಕೆ ‘ಪು’, ಉದ್ದೇಶಪಟ್ಟು ಮುಗಿಸಿದ್ದಕ್ಕೆ ‘ತಾ’. ಕೈತಪ್ಪಿ ಕತ್ತರಿಸಿದ ಬಟ್ಟೆಗೂ ಅಳೆದು ಕತ್ತರಿಸಿದ ಬಟ್ಟೆಗೂ ಲೆಕ್ಕದಲ್ಲಿ ಬೇರೆ ಅಂಕಣ ಬೇಕಲ್ಲವೇ, ಹಾಗೆ.

ಸೌಜನ್ಯದ ಬಗ್ಗೆ ಒಂದೇ ಮಾತು. ರೂಪ ಒಂದು, ಬಳಕೆ ಇನ್ನೊಂದು ಆಗುವುದನ್ನು ತಡೆಯಬೇಡಿ. ‘ನೋಡೋಣ’ ರೂಪದಲ್ಲಿ ಇಬ್ಬರೂ ಸೇರಿ ನೋಡುವ ಆಹ್ವಾನ, ಬಳಕೆಯಲ್ಲಿ ‘ಇಲ್ಲ’. ನನ್ನ ಪುಸ್ತಕದಲ್ಲಿ ಅದಕ್ಕೆ ಕಾಟು ಬಿದ್ದದ್ದು ಸುಮ್ಮನೆಯಲ್ಲ.

ಎಲ್ಲ ಮುಗಿದ ಮೇಲೆ ಪರೀಕ್ಷೆ. ಕವಿತೆ ಅನುವಾದಿಸಬೇಡಿ, ಕವಿತೆ ಎಲ್ಲವನ್ನೂ ಸಹಿಸಿಕೊಳ್ಳುತ್ತದೆ. ಒಂದು ದಿನದ ವ್ಯವಹಾರದ ಮಾತನ್ನು ತೆಗೆದುಕೊಳ್ಳಿ. ನಾನು ಒಂದು ಶನಿವಾರದ ಮೂವತ್ತೊಂದು ‘ನಾಳೆ’ಗಳನ್ನು ತಿಕನುವಿಗೆ ತಂದೆ. ಸೊಸೆ ಕನ್ನಡ ಮೂಲ ನೋಡದೆ ಅವನ್ನು ಕನ್ನಡಕ್ಕೆ ಮರಳಿ ತಂದಳು. ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆವು. ಇಪ್ಪತ್ತೇಳು ಸರಿಯಾಗಿ ಕೂತವು. ಮೂರರಲ್ಲಿ ಅವಳು ನಿಗದಿಯನ್ನು ಊಹೆ ಮಾಡಿದ್ದಳು, ಅದು ನನ್ನ ಕೈಬರಹದ ತಪ್ಪು. ನಾನು ಬರೆದರೆ ‘ಲಿ’ಯೂ ‘ವೂ’ವೂ ಒಂದೇ ಥರ ಕಾಣುತ್ತವೆ.

ಉಳಿದದ್ದು ಒಂದು. ತೊಳೆಯುವ ಘಟಕದವರೊಬ್ಬರು ಬಾಕಿ ಹಣದ ಬಗ್ಗೆ ಫೋನಿನಲ್ಲಿ ಹೇಳಿದ್ದು: “ಸೋಮವಾರ ಬರುತ್ತದೆ ಎಂದುಕೊಳ್ಳಿ.” ಬರುತ್ತದೆ ಎನ್ನಲಿಲ್ಲ, ಬಂದೀತು ಎನ್ನಲಿಲ್ಲ, ಬರಲಿ ಎಂದೂ ಹಾರೈಸಲಿಲ್ಲ. ಎಂದುಕೊಳ್ಳುವ ಕೆಲಸವನ್ನೇ ನನಗೆ ಹಚ್ಚಿದರು. ಬರದಿದ್ದರೆ ಯಾರನ್ನು ಹಿಡಿದು ಕೇಳಬೇಕು? ಹಾಗೆ ಎಂದುಕೊಂಡ ನನ್ನನ್ನೇ. ಐದು ಬುಟ್ಟಿಯಲ್ಲಿ ಯಾವುದರಲ್ಲಿಯೂ ಅದು ಕೂರಲಿಲ್ಲ. “ಮಾವ, ಆರನೆಯದು ಮಾಡೋಣವೇ?” ಎಂದು ಸೊಸೆ ಕೇಳಿದಳು. ಅಕ್ಷರ ಇನ್ನೂ ಹೊಳೆದಿಲ್ಲ. ಆ ಸೋಮವಾರ ಕಳೆದು ಮೂರು ಸೋಮವಾರಗಳಾದವು. ಪುಸ್ತಕದಲ್ಲಿ ಆ ಸಾಲಿನ ಮುಂದೆ ಗುರುತಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ.